ಎದೆಯಲ್ಲಿ ನಿಂತ ತುತ್ತು

ನಜರ್‌ಬಾದ್, ಮೈಸೂರು
12-2-1958

ಅಕ್ಕ ಸರೋಜಮ್ಮನಿಗೆ ತಮ್ಮ ಮಹದೇವು ಮಾಡುವ ನಮಸ್ಕಾರ.

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಇನ್ನೂ ಉತ್ತರ ಬರೆಯದಿದ್ದರೆ ನೀನು ಅಲ್ಲಿಂದ ಬೈಯುವುದು ಇಲ್ಲಿಗೇ ಕೇಳಿಸುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ. ವರ್ಕ್‌ಶಾಪಿನಲ್ಲಿ ನನ್ನನ್ನು ಖಾಯಂ ಮಾಡಿದರು. ಇನ್ನು ನಾನು ರೈಲ್ವೆಯ ಫಿಟ್ಟರ್. ಚೆಲುವರಾಜು ಭಾವನಿಗೆ ಹೇಳು, ಮೈದುನನ ಹತ್ತಿರ ಇನ್ನು ಮೇಲೆ ಸ್ವಲ್ಪ ಮರ್ಯಾದೆಯಿಂದ ಮಾತಾಡಲಿ.

ನಿನ್ನ ನಾದಿನಿ ನಾಗಮಣಿಯನ್ನು ನನಗೆ ತಂದುಕೊಳ್ಳುವ ಮಾತು ಎತ್ತಿದ್ದೀಯೆ. ಇಪ್ಪತ್ತಮೂರು ವರ್ಷಕ್ಕೇ ನನ್ನ ಕೊರಳಿಗೆ ಹಗ್ಗ ಹಾಕಬೇಕೆಂದು ನಿನಗೇಕಮ್ಮಾ ಇಷ್ಟು ಆತುರ? ಅವಳನ್ನು ನಿನ್ನ ಮದುವೆಯಲ್ಲಿ ನೋಡಿದ್ದು. ಆಗ ಎರಡು ಜಡೆ ಹಾಕಿಕೊಂಡು ಎಲ್ಲರ ಚಪ್ಪಲಿ ಅಡಗಿಸಿಡುತ್ತಿದ್ದಳು. ಈಗ ಹೇಗಿದ್ದಾಳೋ ತಿಳಿಯದು. ಬೇಡ ಎಂದು ನಾನು ಹೇಳಿಲ್ಲ, ನೆನಪಿರಲಿ.

ಊಟದ ವಿಚಾರ ಕೇಳಿದ್ದೀಯೆ. ಪಕ್ಕದ ಮನೆ ದೇವಿರಮ್ಮಜ್ಜಿ ತಮ್ಮ ಒಲೆಯಲ್ಲೇ ನನಗೂ ಮುದ್ದೆ ಕಟ್ಟಿಕೊಡುತ್ತಾರೆ. ಸೊಪ್ಪಿನ ಸಾರು, ಉಪ್ಪೆಸರು, ಯಾವುದಕ್ಕೂ ಕಡಿಮೆಯಿಲ್ಲ. ತಿಂದು ಗುಂಡುಕಲ್ಲಿನ ಹಾಗಿದ್ದೇನೆ. ನನ್ನ ಯೋಚನೆ ಬಿಡು.

ಮಹದೇವು


ಬಸವನಕೊಪ್ಪಲು, ಚನ್ನರಾಯಪಟ್ಟಣ ತಾಲ್ಲೂಕು
21-2-1958

ಚಿರಂಜೀವಿ ಮಹದೇವುಗೆ ಅಕ್ಕನ ಆಶೀರ್ವಾದ.

ಖಾಯಂ ಆದ ಸುದ್ದಿ ಓದಿ ದೇವರ ಮುಂದೆ ಬೆಲ್ಲ ಇಟ್ಟು ಕೈ ಮುಗಿದೆ. ನಿನ್ನ ಭಾವನಿಗೂ ಓದಿ ಹೇಳಿದೆ. "ಅಂಗಾದ್ರೆ ಇನ್ಮೇಕೆ ರೈಲು ಕೆಟ್ಟು ನಿಂತ್ರೆ ನಿನ್ ತಮ್ಮನ್ನೇ ಇಡ್ಕೊಬೇಕು ಬುಡು" ಎಂದು ನಕ್ಕರು. ಇದಕ್ಕಿಂತ ಹೆಚ್ಚಿನ ಮರ್ಯಾದೆ ಅವರಿಂದ ಸಿಗುವುದಿಲ್ಲ, ಆಸೆ ಇಟ್ಟುಕೊಳ್ಳಬೇಡ.

ಈಗ ಕೆಲಸದ ಮಾತು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನೀನು ಬರಲೇಬೇಕು. ಈ ಮನೆಯಲ್ಲಿ ಹುಡುಗನನ್ನು ನೋಡುವುದು ಎಂದರೆ ಊಟಕ್ಕೆ ಕೂರಿಸುವುದು. ನಮ್ಮ ಮಾವನವರು ಜಾತಕ ಕೇಳುವವರಲ್ಲ, ಸಂಬಳ ಕೇಳುವವರೂ ಅಲ್ಲ. ಎದುರಿಗೆ ಕೂತು ಅವನು ಮುದ್ದೆ ಮುರಿಯುವುದನ್ನು ನೋಡುತ್ತಾರೆ. ಹೋದ ವರ್ಷ ತುಮಕೂರಿನಿಂದ ಒಬ್ಬ ಹುಡುಗ ಬಂದಿದ್ದ. ಪಾಪ, ಸ್ಕೂಲು ಮೇಷ್ಟ್ರು. ಮುದ್ದೆಯನ್ನು ನುಂಗದೆ ಹಲ್ಲಿಗೆ ಹಾಕಿ ಅಗಿದ. ಮಾವ ಕೈ ತೊಳೆದು ಎದ್ದವರೇ, "ಮುದ್ದೆ ಅಗ್ಯೋನು ನಾಳೆ ನೀರ್ನೂ ಅಗೀತಾನೆ, ಇವ್ನಿಗೆ ಎಣ್ಣು ಕೊಡಾಕಿಲ್ಲ" ಎಂದು ಅವತ್ತೇ ಮಾತು ಮುಗಿಸಿದರು. ನಿನಗೇನು, ಅಪ್ಪನ ಪಕ್ಕ ಕೂತು ನುಂಗಿ ಬೆಳೆದವನು. ಅದಕ್ಕೇ ನನಗೆ ಧೈರ್ಯ.

ಒಂದು ಮಾತು ಹೇಳಿಬಿಡುತ್ತೇನೆ. ಅಪ್ಪ ಹೋದ ಮೇಲೆ ನೀನು ಆ ಮನೆಯಲ್ಲಿ ಒಬ್ಬನೇ ಇರುವುದನ್ನು ನೆನೆದರೆ ನನಗೆ ಇಲ್ಲಿ ತುತ್ತು ಇಳಿಯುವುದಿಲ್ಲ. ನಾಗಮಣಿ ಒಳ್ಳೆಯ ಹುಡುಗಿ. ಅವಳು ಆ ಮನೆಗೆ ಬಂದರೆ ಸಂಜೆ ದೀಪ ಹಚ್ಚುವವರು ಒಬ್ಬರಾಗುತ್ತಾರೆ.

ಸರೋಜ


ನಜರ್‌ಬಾದ್, ಮೈಸೂರು
2-3-1958
(ಅಂಚೆಗೆ ಹಾಕದೆ ಉಳಿದದ್ದು)

ಅಕ್ಕ,

ನಾನು ಬರೆದದ್ದೆಲ್ಲ ಸುಳ್ಳು. ಹೋದ ದೀಪಾವಳಿಯಿಂದ ನನಗೆ ಊಟ ಇಳಿಯುತ್ತಿಲ್ಲ.

ತುತ್ತು ಗಂಟಲು ದಾಟುತ್ತದೆ, ಎದೆಯ ನಡುವೆ ಬಂದು ನಿಂತುಬಿಡುತ್ತದೆ. ನೀರು ಕುಡಿದು, ಎದ್ದು ನಿಂತು, ಕತ್ತು ಚಾಚಿದರೆ ಕೆಲವು ಸಲ ಜಾರುತ್ತದೆ. ಕೆಲವು ಸಲ ಬಂದ ದಾರಿಯಲ್ಲೇ ವಾಪಸ್ಸು ಬರುತ್ತದೆ. ಹೊಟ್ಟೆಯ ಮೇಲುಭಾಗದಲ್ಲಿ ಯಾರೋ ಹಿಂಡುತ್ತಿರುವಂತೆ ಸದಾ ಸಂಕಟ. ಮಲಗಿದರೆ ಕುಡಿದ ನೀರು ಮೂಗಿಗೆ ಬರುವುದರಿಂದ ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡುತ್ತೇನೆ. ವರ್ಕ್‌ಶಾಪಿನಲ್ಲಿ ಎಲ್ಲರೂ ಸುತ್ತ ಕೂತು ಕ್ಯಾರಿಯರ್ ಬಿಚ್ಚುವಾಗ ನಾನು ಏನಾದರೂ ನೆಪ ಹೇಳಿ ಹೊರಗೆ ಹೋಗುತ್ತೇನೆ. ಮೊದಮೊದಲು ಕರೆಯುತ್ತಿದ್ದರು. ಈಗ ಕರೆಯುವುದನ್ನು ಬಿಟ್ಟಿದ್ದಾರೆ.

ದೇವಿರಮ್ಮಜ್ಜಿಗೆ ಮಾತ್ರ ಸ್ವಲ್ಪ ಗೊತ್ತಾಯಿತು. "ಯಾರೋ ನಿಂಗೆ ಮದ್ದು ಆಕವ್ರೆ ಕಣಪ್ಪ, ಒಟ್ಟೇಲಿ ಕೂತದೆ" ಎಂದು ಮದ್ದು ಕಕ್ಕಿಸುವವನ ಹತ್ತಿರ ಎಳೆದುಕೊಂಡು ಹೋದರು. ಅವನು ಯಾವುದೋ ಸೊಪ್ಪಿನ ರಸ ಕುಡಿಸಿದ. ಹೊರಗೆ ಬಂದದ್ದು ಬೆಳಿಗ್ಗೆ ಕುಡಿದ ಗಂಜಿ ಅಷ್ಟೇ. ಅಜ್ಜಿ ಅದರಲ್ಲೂ ಬಗ್ಗಿ ಹುಡುಕಿದರು. ಅವತ್ತು ನಗು ಬಂದಿತ್ತು, ಈಗ ಬರುವುದಿಲ್ಲ.

ಅಪ್ಪನಿಗೂ ಹೀಗೆಯೇ ಶುರುವಾದದ್ದಲ್ಲವೇ? ಮೊದಲು ಮುದ್ದೆ ಬಿಟ್ಟರು, ಆಮೇಲೆ ಅನ್ನ ಬಿಟ್ಟರು, ಆಮೇಲೆ ಗಂಜಿ. ನೀನು ಚಮಚದಲ್ಲಿ ಕುಡಿಸುತ್ತಿದ್ದೆ, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಲ್ಲಿ ಆಡಲಿಲ್ಲ. ನನಗೂ ಅದೇ ಬಂದಿದೆ ಅಕ್ಕ. ಈ ವಯಸ್ಸಿಗೆ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಆಸ್ಪತ್ರೆಗೆ ಹೋಗಿ ಕೇಳಲು ಭಯ. ಕೇಳಿದರೆ ಹೇಳಿಬಿಡುತ್ತಾರೆ.

ಇದನ್ನು ನಿನಗೆ ಹೇಗೆ ಕಳಿಸಲಿ? ಅಪ್ಪನನ್ನು ನೋಡಿಕೊಂಡವಳು ನೀನು. ಇನ್ನೊಂದು ಸಲ ಅದೇ ಚಮಚ ನಿನ್ನ ಕೈಗೆ ಕೊಡುವುದೇ?


ನಜರ್‌ಬಾದ್, ಮೈಸೂರು
2-3-1958

ಅಕ್ಕನಿಗೆ ನಮಸ್ಕಾರ.

ಹೊಸತೊಡಕಿಗೆ ಬರುತ್ತೇನೆ. ಹಲ್ಲಿಗೆ ಸೋಕಿಸದೆ ನುಂಗುತ್ತೇನೆಂದು ನಿನ್ನ ಮಾವನವರಿಗೆ ಈಗಲೇ ಹೇಳಿಡು. ರಜಾ ಒಂದೇ ದಿನ ಇರುವುದರಿಂದ ಅವತ್ತೇ ಹೊರಡಬೇಕಾಗುತ್ತದೆ.

ಮಹದೇವು


ಬಸವನಕೊಪ್ಪಲು
28-3-1958

ಮಹದೇವುಗೆ,

ಊರು ಸೇರಿದ್ದಕ್ಕೆ ಒಂದು ಕಾರ್ಡು ಹಾಕಲು ನಿನಗೆ ಪುರಸೊತ್ತಾಗಲಿಲ್ಲ. ನಾನೇ ಬರೆಯುತ್ತಿದ್ದೇನೆ.

ಅಷ್ಟು ಜನರ ಪಂಕ್ತಿಯಲ್ಲಿ, ಮಾವನವರ ಎದುರಿಗೆ, ಎಲೆಯ ಮೇಲೆ ಮುದ್ದೆ ಹಾಗೇ ಬಿಟ್ಟು ಎದ್ದು ಹೋದೆಯಲ್ಲ, ಆಮೇಲೆ ಇಲ್ಲಿ ಏನಾಯಿತು ಗೊತ್ತೇ? ಹಿರಿಯರು ಏಳುವುದಕ್ಕೆ ಮೊದಲು ಎದ್ದು ಹಿತ್ತಲಿಗೆ ನಡೆದೆ. ಯಾರಿಗೂ ಸರಿಯಾಗಿ ಹೇಳದೆ ಬಸ್ಸು ಹತ್ತಿದೆ. ಬೀಗತನದ ಮಾತಿಗೆಂದು ಬಂದಿದ್ದ ನಮ್ಮತ್ತೆಯ ಅಣ್ಣ ಬೀರಯ್ಯ ಮಾಮ, "ಒಂದ್ ಮುದ್ದೆ ಕಂಡಿದ್ದೇ ಮಾಯ ಆಗ್ಬುಟ್ನಲ್ಲಪ್ಪ" ಎಂದು ಕಿಸಕ್ಕನೆ ನಕ್ಕರು. ಮಾವನವರು ನಗಲಿಲ್ಲ. "ಪ್ಯಾಟೆ ಗಂಟ್ಲು ಕಣಮ್ಮ ನಿನ್ ತಮ್ಮಂದು. ರಾಗಿ ಇಳ್ಯಾಕಿಲ್ಲ. ನಮ್ ಉಡುಗೀನೂ ಇಳ್ಯಾಕಿಲ್ಲ" ಎಂದು ನನ್ನ ಮುಖ ನೋಡಿದರು.

ನಾನು ಹೌದು ಎಂದೆ. ನಿನಗೆ ನಾಗಮಣಿ ಇಷ್ಟವಾಗಲಿಲ್ಲವಂತೆ, ಹೊರಡುವಾಗ ನನಗೆ ಹೇಳಿ ಹೋದೆ ಎಂದು ಎಲ್ಲರಿಗೂ ಹೇಳಿಬಿಟ್ಟೆ. ಈ ಮಾತು ಇಲ್ಲಿಗೆ ಮುಗಿಯಿತು. ನೀನು ಬಂದು ಸರಿಮಾಡುವುದು, ಮಾವನವರಿಗೆ ಕಾಗದ ಬರೆಯುವುದು ಏನೂ ಬೇಡ. ಸದ್ಯಕ್ಕೆ ಈ ಕಡೆ ಬರಲೂ ಬೇಡ.

ಸರೋಜ


ನಜರ್‌ಬಾದ್, ಮೈಸೂರು
7-4-1958

ಅಕ್ಕ,

ಇಷ್ಟವಾಗಲಿಲ್ಲವೆಂದು ನಾನು ಯಾವಾಗ ಹೇಳಿದೆ? ನನ್ನ ಬಾಯಲ್ಲಿ ಇಲ್ಲದ ಮಾತನ್ನು ನೀನೇ ಹುಟ್ಟಿಸಿದೆಯಲ್ಲ, ಅಷ್ಟೊಂದು ಸಿಟ್ಟೇ ನನ್ನ ಮೇಲೆ?

ಒಂದು ವಿಷಯ ಯಾರಿಗೂ ಹೇಳಿಲ್ಲ. ಅವತ್ತು ನಾನು ಹುಲ್ಲಿನ ಮೆದೆಯ ಹಿಂದೆ ಹೋಗಿ ನಿಂತಿದ್ದಾಗ ನಾಗಮಣಿ ಒಂದು ಚೊಂಬು ನೀರು ತಂದು ಕಲ್ಲಿನ ಮೇಲಿಟ್ಟಳು. "ನಿಧಾನಕ್ಕೆ ಕುಡೀರಿ, ಯಾರ್ಗೂ ಯೋಳಲ್ಲ" ಎಂದಳು. ಏನಾಯಿತು ಎಂದು ಕೇಳಲಿಲ್ಲ, ನಗಲಿಲ್ಲ, ತಿರುಗಿ ನೋಡದೆ ಹೋದಳು. ಇಂಥವಳು ಇಷ್ಟವಾಗಲಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ಆ ನೀರು ಕುಡಿದುಕೊಂಡು ಬಸ್ಸಿನಲ್ಲಿ ಕೂತವನಿಗೆ ಮೈಸೂರು ಬರುವವರೆಗೂ ಅವಳದೇ ಧ್ಯಾನ.

ಅವತ್ತು ನನಗೆ ಬಿಸಿಲಿಗೆ ಸ್ವಲ್ಪ ವಾಂತಿಯಾಯಿತು, ಅಷ್ಟೇ. ಹೋಗಲಿ ಬಿಡು. ನೀನು ಮುಗಿಯಿತು ಎಂದಮೇಲೆ ಮುಗಿಯಿತು. ಒಂದು ಲೆಕ್ಕಕ್ಕೆ ಅದೇ ಒಳ್ಳೆಯದಾಯಿತು, ಅವಳಿಗೆ.

ಮಹದೇವು


ಬಸವನಕೊಪ್ಪಲು
12-6-1958

ಮಹದೇವುಗೆ ಆಶೀರ್ವಾದ.

ನಿನ್ನ ಕಾಗದ ಬಂತು, ಆಮೇಲಿನ ಕಾರ್ಡೂ ಬಂತು. ಬರೆಯಲಾಗಲಿಲ್ಲ. ಮದುವೆಯ ಕೆಲಸ ಹೆಚ್ಚಾಗಿತ್ತು. ನಾಗಮಣಿಯ ಮದುವೆ ಹೋದ ವಾರ ನಾಗಮಂಗಲದ ಕಡೆಯ ಹುಡುಗನ ಜೊತೆ ಆಯಿತು. ಗಟ್ಟಿಮುಟ್ಟಾದ ಹುಡುಗ, ನೀರಾವರಿ ಜಮೀನಿದೆ. ನಿನಗೆ ಲಗ್ನಪತ್ರಿಕೆ ಕಳಿಸುವುದು ಬೇಡವೆಂದು ನಾನೇ ಅಂದೆ.

ಬಸ್ಸಿನವರ ಕೈಯಲ್ಲಿ ಒಂದು ಡಬ್ಬ ಕೊಟ್ಟು ಕಳಿಸಿದ್ದೇನೆ. ರಾಗಿಯನ್ನು ಮೊಳಕೆ ಕಟ್ಟಿ, ಬಟ್ಟೆಯಲ್ಲಿ ಸೋಸಿ ಮಾಡಿದ ಸರಿ ಹಿಟ್ಟು. ಹಾಲಿಗೆ ಹಾಕಿ ತೆಳ್ಳಗೆ ಕಾಯಿಸಿಕೊಂಡು ಕುಡಿ. ತುಪ್ಪ ಬೇಡ, ಗಂಟಲಿಗೆ ಅಂಟುತ್ತದೆ.

ಮೈ ಹೇಗಿದೆ? ಸುಮ್ಮನೆ ಕೇಳಿದೆ.

ಸರೋಜ


ನಜರ್‌ಬಾದ್, ಮೈಸೂರು
20-6-1958

ಅಕ್ಕ,

ಡಬ್ಬ ತಲುಪಿತು. ಹಲ್ಲು ಬಾರದ ಕೂಸಿಗೆ ತಿನ್ನಿಸುವ ಸರಿ ಹಿಟ್ಟು! ಮುದ್ದೆ ನುಂಗಲಾಗದವನಿಗೆ ಇದೇ ಸರಿ ಎಂದು ನಿನ್ನ ಮಾವನವರು ಹೇಳಿದರೋ, ಬೀರಯ್ಯ ಮಾಮ ಹೇಳಿದರೋ? ಎಲ್ಲರೂ ಕೂತು ನಕ್ಕಿರಬೇಕು. ನೀನೂ ಅವರ ಜೊತೆ ಸೇರಿದೆಯಲ್ಲ, ಅದೊಂದು ನನಗೆ ತಡೆಯಲಾಗುತ್ತಿಲ್ಲ.

ಡಬ್ಬವನ್ನು ದೇವಿರಮ್ಮಜ್ಜಿಯ ಮೊಮ್ಮಗುವಿಗೆ ಕೊಟ್ಟೆ. ನಾಗಮಣಿಗೆ ಒಳ್ಳೆಯದಾಗಲಿ. ಇನ್ನು ನನಗೆ ಏನನ್ನೂ ಕಳಿಸಬೇಡ.

ಮಹದೇವು


ನಜರ್‌ಬಾದ್, ಮೈಸೂರು
10-8-1958

ಅಕ್ಕನಿಗೆ ಮಹದೇವು ಮಾಡುವ ನಮಸ್ಕಾರ.

ಸಿಟ್ಟಿನಲ್ಲಿ ಬರೆದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿರುವುದೇ ಸರಿ. ಆದರೆ ಇದನ್ನು ನಿನಗೆ ಹೇಳದೆ ಇರಲಾಗುತ್ತಿಲ್ಲ.

ಜುಲೈ ತಿಂಗಳಲ್ಲಿ ವರ್ಕ್‌ಶಾಪಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟೆ. ನಮ್ಮ ಮೇಸ್ತ್ರಿ ಶಿವಮಲ್ಲಪ್ಪನವರು, "ಏನ್ರೀ ಇದು, ಶರ್ಟ್ ಒಳಗೆ ಮನುಷ್ಯನೇ ಇಲ್ವಲ್ರೀ" ಎಂದು ಜಟಕಾದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಸೇರಿಸಿದರು. ಅಕ್ಕ, ಹೋದ ದೀಪಾವಳಿಯಿಂದ ನನಗೆ ಊಟ ಇಳಿಯುತ್ತಿರಲಿಲ್ಲ. ಅವತ್ತು ನಿಮ್ಮ ಮನೆಯಲ್ಲಿ ಎದ್ದು ಹೋದದ್ದು ಸೊಕ್ಕಿನಿಂದಲ್ಲ. ತುತ್ತು ಎದೆಯಲ್ಲಿ ನಿಂತು ಉಸಿರು ಕಟ್ಟಿತ್ತು. ಅಪ್ಪನ ಕಾಯಿಲೆಯೇ ನನಗೂ ಬಂದಿದೆ ಎಂದು ನಂಬಿಕೊಂಡು ನಿನ್ನ ಹತ್ತಿರ ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಸುಣ್ಣದ ನೀರಿನಂಥ ಬೆಳ್ಳನೆಯದನ್ನು ಕುಡಿಸಿ ಎಕ್ಸ್‌ರೇ ತೆಗೆದರು. ಡಾಕ್ಟರು ಆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಅನ್ನ ಇಳಿಯುವ ನಾಳದ ಕೆಳಗಿನ ಬಾಯಿ ತೆರೆಯಬೇಕಾದಾಗ ತೆರೆಯುವುದಿಲ್ಲವಂತೆ. ತಿಂದದ್ದು ಅಲ್ಲೇ ನಿಲ್ಲುತ್ತದೆ, ಸಂಕಟವಾಗುತ್ತದೆ. ಹುಣ್ಣಿಲ್ಲ, ಗಂಟಿಲ್ಲ. ನಾನು ಅಪ್ಪನ ವಿಷಯ ಹೇಳಿ, ಹೆಸರು ಹೇಳಲು ಬಾರದೆ ತಡವರಿಸಿದೆ. ಅವರೇ ಆ ಹೆಸರು ಹೇಳಿ, "ಅದಲ್ಲ ಕಣಯ್ಯ. ಇದು ಸಾಯೋ ಕಾಯಿಲೆ ಅಲ್ಲ" ಎಂದರು. ನಾನು ಇನ್ನೊಂದು ಸಲ ಹೇಳಿ ಎಂದೆ. ಅವರು ಬೇಸರಪಡದೆ ಇನ್ನೊಂದು ಸಲ ಹೇಳಿದರು. ರಬ್ಬರಿನ ನಳಿಕೆ ಇಳಿಸಿ ಆ ಬಾಯನ್ನು ಹಿಗ್ಗಿಸುತ್ತಾರೆ. ಒಂದು ಸಲ ಆಗಿದೆ, ಇನ್ನೂ ಕೆಲವು ಸಲ ಹೋಗಬೇಕು.

ವಾರ್ಡಿನಲ್ಲಿ ಸಂಜೆಯಾದರೆ ಎಲ್ಲರ ಮಂಚದ ಪಕ್ಕದಲ್ಲೂ ಅವರವರ ಮನೆಯವರು. ನನ್ನನ್ನು ಸೇರಿಸಿಕೊಳ್ಳುವಾಗ ಯಾರಿಗೆ ತಿಳಿಸಬೇಕೆಂದು ಕೇಳಿದರು. ಯಾರೂ ಇಲ್ಲ ಎಂದೆ.

ಈಗ ಹೆದರಿಕೆ ಹೋಯಿತು. ನಾಗಮಣಿಯ ಮಾತು ಮುಗಿದುಹೋದದ್ದು, ಅದನ್ನು ಎತ್ತುವುದಿಲ್ಲ. ನಿನ್ನ ತಮ್ಮ ಸೊಕ್ಕಿನವನಲ್ಲ ಎಂಬುದನ್ನು ಮಾತ್ರ ಮಾವನವರಿಗೆ ಹೇಳು.

ಮಹದೇವು


ಬಸವನಕೊಪ್ಪಲು
18-8-1958

ಮಹದೇವು,

ನಿನ್ನ ಕಾಗದವನ್ನು ಹಿತ್ತಲಲ್ಲಿ ನಿಂತು ಓದಿದೆ. ನಮ್ಮತ್ತೆ ಬಂದು, "ಯಾಕಮ್ಮ ಇಂಗ್ ಅಳ್ತಿದ್ದೀಯ, ತಮ್ಮಂಗೆ ಏನಾರ ಆಯ್ತಾ?" ಎಂದು ಕೇಳಿದರು. ಏನೂ ಆಗಿಲ್ಲವಂತೆ ಎಂದು ಹೇಳುವಾಗ ಮತ್ತೂ ಅಳು ಬಂತು.

ನನಗೆ ಗೊತ್ತಿತ್ತು. ಹೊಸತೊಡಕಿನ ದಿನ ಅಡುಗೆಮನೆಯ ಬಾಗಿಲ ಸಂದಿಯಿಂದ ಎಲ್ಲ ಹೆಂಗಸರೂ ನಿನ್ನ ಎಲೆ ನೋಡುತ್ತಿದ್ದರು, ನಾನು ನಿನ್ನ ಕತ್ತು ನೋಡುತ್ತಿದ್ದೆ. ಮೊದಲ ತುತ್ತಿಗೇ ನೀನು ಕತ್ತು ಚಾಚಿ, ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಇಟ್ಟುಕೊಂಡೆ. ಅಪ್ಪ ಮಾಡುತ್ತಿದ್ದದ್ದೂ ಅದನ್ನೇ. ನನ್ನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಗೆ ಬಿತ್ತು. ಅಪ್ಪನೇ ಮತ್ತೆ ಬಂದು ಆ ಪಂಕ್ತಿಯಲ್ಲಿ ಕೂತ ಹಾಗಾಯಿತು.

ಆಮೇಲೆ ನಾಗಮಣಿ ನನ್ನ ಹತ್ತಿರ ಬಂದಳು. "ಅತ್ಗೆ, ನಿಮ್ ತಮ್ಮಂಗೆ ಮೈ ಉಸಾರಿಲ್ಲ ಕಣತ್ಗೆ, ಅದ್ಕೇ ಉಣ್ಣಕಾಗ್ಲಿಲ್ಲ. ಅಪ್ಪಂಗೆ ನೀವೇ ಯೋಳಿ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳು ನಿನ್ನನ್ನು ಒಪ್ಪಿದ್ದಳು. ನಾನು ಅವಳ ಕೈ ಬಿಡಿಸಿ, ಅದೆಲ್ಲ ಏನೂ ಇಲ್ಲ, ಅವನಿಗೆ ನೀನು ಇಷ್ಟವಾಗಲಿಲ್ಲ ಎಂದೆ. ಅವಳ ಮುಖ ಹೇಗಾಯಿತೆಂದು ಬರೆಯುವುದಿಲ್ಲ.

ನಾನು ಮತ್ತೇನು ಮಾಡಬೇಕಾಗಿತ್ತು? ಅಪ್ಪನಿಗೆ ನಾನು ಮಾಡಿದ್ದನ್ನು ಅವಳು ಮದುವೆಯಾದ ವರ್ಷವೇ ನಿನಗೆ ಮಾಡಬೇಕಾಗುತ್ತಿತ್ತು. ಒಂದು ಹೆಣ್ಣಿನ ಕೈಗೆ ಅದನ್ನು ಗೊತ್ತಿದ್ದೂ ಗೊತ್ತಿದ್ದೂ ಹಾಕಲು ನನ್ನಿಂದ ಆಗಲಿಲ್ಲ. ನಿನಗೆ ಕಾಯಿಲೆ ಎಂದು ಊರಿಗೆಲ್ಲ ಸಾರಲೂ ಆಗಲಿಲ್ಲ. ಸೊಕ್ಕು ಎಂದರೆ ಜನ ಬೈದು ಮರೆಯುತ್ತಾರೆ, ಆ ಕಾಯಿಲೆ ಎಂದರೆ ನಿನ್ನ ಲೋಟವನ್ನೂ ಬೇರೆ ಇಡುತ್ತಾರೆ.

ಸರಿ ಹಿಟ್ಟು ಅಣಕಕ್ಕೆ ಕಳಿಸಿದ್ದಲ್ಲ. ಅಪ್ಪನಿಗೆ ಕೊನೆಗೆ ಇಳಿಯುತ್ತಿದ್ದದ್ದು ಅದೊಂದೇ. ನೀನು ಆಗ ಬೆಳಿಗ್ಗೆ ಸ್ಕೂಲಿಗೆ ಹೋಗಿಬಿಡುತ್ತಿದ್ದೆ, ನಿನಗೆ ಗೊತ್ತಿಲ್ಲ.

ಏಕೆ ಬರೆಯಲಿಲ್ಲ ಎಂದು ಕೇಳುತ್ತೀಯೆ. ಬರೆಯಲು ಕೂತರೆ ಇನ್ನಿಲ್ಲದವನಿಗೆ ಬರೆಯುತ್ತಿದ್ದೇನೆ ಅನ್ನಿಸುತ್ತಿತ್ತು. ತಂತಿ ಬರುತ್ತದೆ ಎಂದು ದಿನಾ ಅಂಚೆಯವನ ದಾರಿ ನೋಡುತ್ತಿದ್ದೆ. ನೀನು ಬೈದು ಬರೆದ ಕಾಗದವನ್ನು ಓದಿ, ಇಷ್ಟು ಬೈಯಲು ಶಕ್ತಿಯಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಅವತ್ತು ನನಗೆ ಕಂಡದ್ದನ್ನು ನಾನು ಮಾಡಿದೆ. ಆದರೆ ಆಸ್ಪತ್ರೆಯಲ್ಲಿ ಯಾರೂ ಇಲ್ಲ ಎಂದೆಯಲ್ಲ, ಆ ಒಂದು ಸಾಲನ್ನು ನನಗೆ ಬರೆಯಬಾರದಾಗಿತ್ತು. ಮಾವನವರಿಗೆ ಎಲ್ಲವನ್ನೂ ಹೇಳಿದ್ದೇನೆ. ಅವರು, "ನೀನಾರ ಬಾಯ್ಬುಟ್ಟು ಕೇಳ್ಬಾರ್ದಾಗಿತ್ತಾ ಮಗ" ಎಂದರು.

ಸರೋಜ


ನಜರ್‌ಬಾದ್, ಮೈಸೂರು
5-10-1958

ಅಕ್ಕ,

ನಿನ್ನ ಕಾಗದ ಬಂದ ಮೇಲೆ ಇಷ್ಟು ದಿನ ಬರೆಯಲಿಲ್ಲ. ಬರೆಯಬಾರದೆಂದೇ ಇದ್ದೆ. ನಿನ್ನ ಮಾವನವರು ಕೇಳಿದ್ದನ್ನೇ ನಾನೂ ಕೇಳಬೇಕಾಗಿದೆ. ಎರಡು ದಿನಕ್ಕೆ ಕಾಗದ ಬರುವಷ್ಟು ದೂರದಲ್ಲಿದ್ದೆ. ಮಹದೇವು, ನಿನಗೆ ಊಟ ಇಳಿಯುತ್ತಿಲ್ಲವೇನೋ ಎಂದು ಒಂದು ಸಾಲು ಕೇಳಿದ್ದರೆ ನಾನು ಅಲ್ಲೇ ಒಡೆದುಹೋಗುತ್ತಿದ್ದೆ, ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ನೀನು ಕೇಳದೆ ನನ್ನನ್ನು ಮನಸ್ಸಿನಲ್ಲೇ ಮಣ್ಣು ಮಾಡಿದೆ. ನಾನು ಇಲ್ಲಿ ದಿನಾ ಬೆಳಿಗ್ಗೆ ಎದ್ದು, ಮುಖ ತೊಳೆದು, ಕೆಲಸಕ್ಕೆ ಹೋಗುತ್ತಿದ್ದೆ. ನಾನೂ ಬಾಯಿ ಬಿಡಲಿಲ್ಲ, ನಿಜ. ಆದರೆ ಹೆದರಿದವನು ನಾನು. ನೀನು ದೊಡ್ಡವಳು.

ನಾಗಮಣಿ ತವರಿಗೆ ಬಂದಾಗ ಇಷ್ಟವಾಗಲಿಲ್ಲ ಎಂದದ್ದು ಸುಳ್ಳು ಎಂದು ಅವಳಿಗೆ ಹೇಳು. ಬೇಡ, ಹೇಳಬೇಡ. ಈಗ ಅದನ್ನು ತೆಗೆದುಕೊಂಡು ಅವಳೇನು ಮಾಡಿಯಾಳು? ನನ್ನ ಹೆಸರು ಅವಳ ಮುಂದೆ ಎತ್ತಲೇಬೇಡ. ಇದನ್ನು ಬರೆಯುವುದಕ್ಕೂ ನನಗೆ ಕಷ್ಟವಾಗುತ್ತಿದೆ.

ನಳಿಕೆ ಇಳಿಸುವುದು ಹೋದ ವಾರಕ್ಕೆ ಮುಗಿಯಿತು. ಅದನ್ನು ನುಂಗುವಾಗ ಕಣ್ಣಲ್ಲಿ ನೀರು ಸುರಿಯುತ್ತದೆ. ಪಕ್ಕದಲ್ಲಿ ನಿಂತ ನರ್ಸಮ್ಮ, "ಮುದ್ದೆ ಅಂದ್ಕೊಂಡು ನುಂಗಿ" ಎನ್ನುತ್ತಿದ್ದರು. ಅವರಿಗೇನು ಗೊತ್ತು.

ಊರಿನಲ್ಲಿ ದಸರಾಕ್ಕೆ ಸುಣ್ಣ ಬಣ್ಣ ನಡೆದಿದೆ. ದೇವಿರಮ್ಮಜ್ಜಿ ಮಗಳ ಮನೆಗೆ ಹೋಗಿದ್ದಾರೆ. ಇವತ್ತು ಭಾನುವಾರ, ನಾನೇ ಒಲೆ ಹಚ್ಚಿ ಅನ್ನ ಮಾಡಿ, ಟೊಮೇಟೊ ಸಾರು ಕಾಯಿಸಿದೆ. ಕೂತು ಉಂಡೆ. ಮೊದಲ ತುತ್ತು ಎಲ್ಲಿಯೂ ನಿಲ್ಲಲಿಲ್ಲ. ಮುಂದಿನದೂ ನಿಲ್ಲಲಿಲ್ಲ. ನಡುವೆ ನೀರು ಕುಡಿಯದೆ, ಎದ್ದು ನಿಲ್ಲದೆ ತಟ್ಟೆ ಖಾಲಿ ಮಾಡಿದೆ. ಸಂತೋಷಕ್ಕೆ "ಇಳೀತು!" ಎಂದು ಜೋರಾಗಿ ಹೇಳಿಬಿಟ್ಟೆ. ಮನೆಯಲ್ಲಿ ಯಾರೂ ಇರಲಿಲ್ಲ.

ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ ಅಕ್ಕ. ಆದರೆ ನನಗೆ ಅನ್ನ ಇಳಿಯಿತು ಎಂದರೆ ಕುಣಿದಾಡುವವರು ಈ ಭೂಮಿಯ ಮೇಲೆ ನಿನ್ನನ್ನು ಬಿಟ್ಟು ಯಾರಿದ್ದಾರೆ? ಅದಕ್ಕೇ ಕೈ ತೊಳೆದವನೇ ಬರೆಯಲು ಕೂತೆ.

ಮಹದೇವು